ಬಿಚ್ಚಿದರೆ ಬೇರೆ ಜಾಬ್: ಒಂದೇ ಲೇತ್‌ನಲ್ಲಿ ಹಲವು ಕೆಲಸ ಕೂಡಿಸುವ ಲೆಕ್ಕ

ತೊಗರಿ ರಾಶಿ ಮುಗಿದು ಮಾರ್ಕೆಟ್‌ಗೆ ಮಾಲು ಬರಲು ಶುರುವಾದರೆ ಕಲಬುರಗಿಯ ದಾಲ್ ಮಿಲ್‌ಗಳಿಗೆ ಹಗಲು ರಾತ್ರಿ ಎಲ್ಲ ಒಂದೇ. ಮಿಲ್ ಕೆಡುವುದೂ ಸರಿಯಾಗಿ ಆಗಲೇ. ಎಲಿವೇಟರ್ ಪುಲ್ಲಿಯೊಳಗೆ ಶಾಫ್ಟ್ ಸುತ್ತ ಕೂರುವ ಕೊಳವೆ, ಅಂದರೆ ಬುಷ್, ಸವೆದು ಶಾಫ್ಟ್ ಗಡಗಡ ಅನ್ನುತ್ತದೆ. ಮಿಲ್‌ನ ಫಿಟ್ಟರ್ ಹಳೇ ಬುಷ್ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಪನೂರಿನ ಲೇತ್ ಶೆಡ್‌ಗಳ ಕಡೆ ಬೈಕ್ ತಿರುಗಿಸುತ್ತಾನೆ. "ಸಂಜಿತನ ಆಗ್ಬೇಕು ನೋಡ್ರಿ ಉಸ್ತಾದ್" ಅನ್ನುವುದು ಅವನ ಮೊದಲ ಮಾತು. ಅಳತೆಯ ಮಾತು ಆಮೇಲೆ.

ಟರ್ನರ್ ಟ್ರೇಡ್‌ನಲ್ಲಿ ಐಟಿಐ ಮುಗಿಸಿ ಅಂಥ ಒಂದು ಶೆಡ್‌ಗೆ ಸೇರಿದ ಮೊದಲ ವರ್ಷ ನನ್ನ ಕೈಗೆ 40 ಬುಷ್‌ಗಳ ಆರ್ಡರ್ ಬಂತು. ಹೊರಗಿನ ಅಳತೆ 42 ಮಿಲಿಮೀಟರ್, ಒಳಗಿನ ರಂಧ್ರ 25, ಉದ್ದ 60. ಕಷ್ಟದ ಕೆಲಸ ಏನಲ್ಲ. ನಾನು ಜಾಣತನ ಮಾಡಲು ಹೋದೆ. 40 ತುಂಡು ಕೊಯ್ದುಕೊಂಡೆ. ಮೊದಲು ನಲವತ್ತಕ್ಕೂ ಮುಖ ಸಾಫ್ ಮಾಡಿದೆ. ಆಮೇಲೆ ನಲವತ್ತರದೂ ಅರ್ಧ ಮೈ ಟರ್ನಿಂಗ್. ತಿರುಗಿಸಿ ಹಿಡಿದು ಇನ್ನರ್ಧ ಮೈ. ಕೊನೆಗೆ ಎಲ್ಲವನ್ನೂ ಇನ್ನೊಮ್ಮೆ ಕಟ್ಟಿ ಡ್ರಿಲ್ಲಿಂಗ್, ಬೋರಿಂಗ್. ಟೂಲ್ ಒಮ್ಮೆ ಕಟ್ಟಿದರೆ ಸಾಕು, 40 ಪೀಸ್ ಸರಸರ ಓಡುತ್ತವೆ ಅಂತ ನನ್ನ ಲೆಕ್ಕ.

ಮರುದಿನ ಫಿಟ್ಟರ್ ವಾಪಸ್ ಬಂದ. ಪುಲ್ಲಿ ಕುಣಿಯುತ್ತಿದೆ ಅಂದ. ಉಸ್ತಾದ್ ಒಂದು ಬುಷ್ ಅನ್ನು ಮ್ಯಾಂಡ್ರೆಲ್ ಅನ್ನುವ ನೆಟ್ಟನೆ ಸರಳಿಗೆ ಏರಿಸಿ, ಓಲಾಟ ತೋರಿಸುವ ಡಯಲ್ ಹಚ್ಚಿದರು. ಒಂದು ಸುತ್ತು ತಿರುಗಿಸಿದಾಗ ಮುಳ್ಳು 12 ಗೆರೆ ಆಡಿತು. ಗೆರೆಗೆ 0.01 ಮಿಲಿಮೀಟರ್ ಅಂದರೆ 0.12 ಮಿಲಿಮೀಟರ್ ಓಲಾಟ. ಹೊರ ಮೈ ದುಂಡಗಿತ್ತು, ಒಳ ರಂಧ್ರವೂ ದುಂಡಗಿತ್ತು, ಆದರೆ ಎರಡರ ಕೇಂದ್ರ ಬೇರೆ ಬೇರೆ. ಉಸ್ತಾದ್ ಬೈಯಲಿಲ್ಲ. "ತಮ್ಮಾ, ಚಕ್‌ನಿಂದ ಒಮ್ಮೆ ಬಿಚ್ಚಿದ್ರ ಅದು ಬ್ಯಾರೆ ಜಾಬ್ ಆಗ್ತದ" ಅಂದರು, ಅಷ್ಟೇ.

ಲೇತ್‌ನಲ್ಲಿ ಹಲವು ಕೆಲಸಗಳನ್ನು ಕೂಡಿಸುವ ವಿದ್ಯೆಯ ಬೇರು ಈ ಮಾತಿನಲ್ಲೇ ಇದೆ. ಯಾಕೆ ಅಂತ ನೋಡೋಣ.

ಲೇತ್ ಗೊತ್ತಿಲ್ಲದವರಿಗೆ ಎರಡೇ ಮಾತು. ಬೇರೆ ಯಂತ್ರಗಳಲ್ಲಿ ಸಾಮಾನ್ಯವಾಗಿ ಟೂಲ್ ತಿರುಗುತ್ತದೆ, ಲೇತ್‌ನಲ್ಲಿ ಜಾಬ್, ಅಂದರೆ ಕೊರೆಯಬೇಕಾದ ತುಂಡೇ, ತಿರುಗುತ್ತದೆ. ಜಾಬ್ ಹಿಡಿಯುವ ಮೂರು ಹಲ್ಲಿನ ಹಿಡಿಕೆಯೇ ಚಕ್. ಟೂಲ್ ಹೊರಮೈ ಮೇಲೆ ಉದ್ದಕ್ಕೆ ಸರಿದರೆ ಟರ್ನಿಂಗ್, ಮುಖದ ಮೇಲೆ ಅಡ್ಡ ಸರಿದರೆ ಫೇಸಿಂಗ್, ರಂಧ್ರದೊಳಗೆ ಹೋಗಿ ಕೆರೆದರೆ ಬೋರಿಂಗ್, ಕೊನೆಗೆ ತುಂಡರಿಸಿದರೆ ಪಾರ್ಟಿಂಗ್.

ಈಗ ಕುಂಬಾರನ ತಿಗರಿ ನೆನೆಸಿಕೊಳ್ಳಿ. ಮಣ್ಣಿನ ಮುದ್ದೆಯನ್ನು ಅವನು ತಿಗರಿಯ ಸರಿಯಾದ ನಡುವಿಗೇ ಒಗೆಯುತ್ತಾನೆ ಅಂತೇನಿಲ್ಲ, ಸ್ವಲ್ಪ ಆಚೀಚೆ ಬೀಳುತ್ತದೆ. ತಿಗರಿ ತಿರುಗುವಾಗ ಅವನ ಕೈ ತಾಗಿದ್ದೆಲ್ಲ ತಿಗರಿಯ ಗೂಟದ ಸುತ್ತಲೇ ದುಂಡಗಾಗುತ್ತದೆ. ಹೊಟ್ಟೆಯೂ ಬಾಯಿಯೂ ಒಂದೇ ಕೇಂದ್ರಕ್ಕೆ ಬರುತ್ತವೆ. ಅದೇ ಗಡಿಗೆಯನ್ನು ಎತ್ತಿ ಮತ್ತೆ ತಿಗರಿ ಮೇಲಿಟ್ಟು ಬಾಯಿ ತಿದ್ದಲು ಹೋಗಿ. ಎಷ್ಟು ಹುಷಾರಾಗಿ ಇಟ್ಟರೂ ಹಳೇ ಕೇಂದ್ರ ಸಿಗುವುದಿಲ್ಲ.

ಲೇತ್‌ನಲ್ಲೂ ಹೀಗೇ. ಚಕ್‌ನ ಹಲ್ಲು ಸವೆದಿರಬಹುದು, ಬಾರ್ ಸ್ವಲ್ಪ ಸೊಟ್ಟ ನಿಂತಿರಬಹುದು. ಒಂದೇ ಹಿಡಿತದಲ್ಲಿ ಮೈಯನ್ನೂ ರಂಧ್ರವನ್ನೂ ಮುಖವನ್ನೂ ಕೊರೆದರೆ ಮೂರೂ ಚಕ್ ಅನ್ನು ತಿರುಗಿಸುವ ಸ್ಪಿಂಡಲ್‌ನ ನಡುಗೆರೆಯ ಸುತ್ತಲೇ ಹುಟ್ಟುತ್ತವೆ. ಚಕ್‌ನ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಬಿಚ್ಚಿ ಮತ್ತೆ ಕಟ್ಟಿದಿರೋ, ಆ ತಪ್ಪು ಸೀದಾ ಜಾಬ್‌ಗೆ ಇಳಿಯುತ್ತದೆ. ದುಡಿದು ಹಳತಾದ ಮೂರು ಹಲ್ಲಿನ ಚಕ್‌ನಲ್ಲಿ 0.05ರಿಂದ 0.1 ಮಿಲಿಮೀಟರ್ ಓಲಾಟ ತೀರಾ ಮಾಮೂಲು. 25 ಮಿಲಿಮೀಟರ್ ರಂಧ್ರಕ್ಕೆ ಎಚ್7 ಅನ್ನುವ ಫಿಟ್ ದರ್ಜೆಯಲ್ಲಿ ಅಳತೆ ಆಚೀಚೆ ಆಗಲು ಇರುವ ಪೂರ್ತಿ ರಿಯಾಯಿತಿ ಬರೀ 0.021 ಮಿಲಿಮೀಟರ್. ರಂಧ್ರವನ್ನು ಇಷ್ಟು ನಾಜೂಕಾಗಿ ಮಾಡಿ, ಅದರ ಐದು ಪಟ್ಟು ಓಲಾಟವನ್ನು ಹೊರಮೈಗೆ ಕೊಟ್ಟರೆ ಆ ನಾಜೂಕಿಗೆ ಅರ್ಥ ಏನು?

ಇದು ನಿಖರತೆಯ ಮಾತಾಯಿತು. ಟೈಮ್‌ನ ಲೆಕ್ಕ ಇನ್ನೂ ಮಜವಾಗಿದೆ.

ಲೇತ್ ಮುಂದೆ ನಿಂತವರಿಗೆ ಟೈಮ್ ಎಲ್ಲ ಕೊರೆಯುವುದಕ್ಕೇ ಹೋಗುತ್ತದೆ ಅನ್ನಿಸುತ್ತದೆ. ಲೆಕ್ಕ ಹಾಕಿ. 45 ಮಿಲಿಮೀಟರ್‌ನ ಎಂ.ಎಸ್. (ಮೈಲ್ಡ್ ಸ್ಟೀಲ್) ಬಾರ್‌ಗೆ ಹೈ ಸ್ಪೀಡ್ ಸ್ಟೀಲ್ ಟೂಲ್ ಇದ್ದರೆ ನಿಮಿಷಕ್ಕೆ 30 ಮೀಟರ್ ಕಟಿಂಗ್ ಸ್ಪೀಡ್ ಇಟ್ಟುಕೊಳ್ಳಬಹುದು. ಅದನ್ನು ಬಾರ್‌ನ ಸುತ್ತಳತೆಯಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 212 ಸುತ್ತು. ಟೂಲ್ ಪ್ರತಿ ಸುತ್ತಿನಲ್ಲೂ 0.2 ಮಿಲಿಮೀಟರ್ ಸರಿದರೆ (ಇದೇ ಫೀಡ್) ನಿಮಿಷಕ್ಕೆ 42 ಮಿಲಿಮೀಟರ್ ಸಾಗುತ್ತದೆ. ತುಂಡರಿಸುವ ಜಾಗವೂ ಸೇರಿ 64 ಮಿಲಿಮೀಟರ್ ಉದ್ದಕ್ಕೆ ಒಂದೂವರೆ ನಿಮಿಷ. ಕಾರ್ಬೈಡ್ ಟಿಪ್ ಹಾಕಿ ಸ್ಪೀಡ್ 120 ಮೀಟರ್‌ಗೆ ಏರಿಸಿದರೆ 23 ಸೆಕೆಂಡ್!

ಇನ್ನು ಜಾಬ್ ಕಟ್ಟುವ ಕಥೆ. ಚಕ್ ಕೀ ಹುಡುಕಬೇಕು, ಹಲ್ಲಿಗೆ ಕೂತ ಚಿಪ್ಸ್ ಒರೆಸಬೇಕು, ಬಿಗಿಯಬೇಕು, ತಿರುಗಿಸಿ ನೋಡಬೇಕು, ತಟ್ಟಿ ಸರಿ ಮಾಡಬೇಕು, ಟೂಲ್ ಮುಟ್ಟಿಸಿ ಅಳತೆ ಹಿಡಿಯಬೇಕು. ಕೈ ಚುರುಕಿರುವವರಿಗೂ ಮೂರು ನಿಮಿಷ ಹಿಡಿಯುತ್ತದೆ. ನನ್ನ 40 ಬುಷ್‌ಗಳಲ್ಲಿ ಎಲ್ಲ ಕೊರೆತ ಸೇರಿ ಪೀಸ್‌ಗೆ ಸುಮಾರು 10 ನಿಮಿಷ. ನಾಲ್ಕು ಸಲ ಕಟ್ಟಿದ್ದಕ್ಕೆ 12 ನಿಮಿಷ. ಅಂದರೆ ಕೊರೆದದ್ದಕ್ಕಿಂತ ಬಿಚ್ಚಿ ಕಟ್ಟಿದ್ದೇ ಜಾಸ್ತಿ. ಕಾರ್ಬೈಡ್ ಟಿಪ್‌ಗೆ ದುಡ್ಡು ಸುರಿದು ಸ್ಪೀಡ್ ಏರಿಸಿದರೂ ಆ 12 ನಿಮಿಷ ಅಲುಗುವುದಿಲ್ಲ. ಹೊಸ ಟೂಲ್ ತಂದರೂ ಪ್ರೊಡಕ್ಷನ್ ಯಾಕೆ ಏರಲಿಲ್ಲ ಅಂತ ತಲೆ ಕೆರೆದುಕೊಳ್ಳುವ ಶೆಡ್‌ಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಎಲ್ಲವನ್ನೂ ಒಂದೇ ಹಿಡಿತದಲ್ಲಿ ಮಾಡಿದರೆ ಕಟ್ಟುವುದು ಒಂದೇ ಸಲ, ಮೂರೇ ನಿಮಿಷ. ಆದರೆ ನ್ಯಾಯವಾಗಿ ಹೇಳಬೇಕು, ನನ್ನ ಹಳೇ ಲೆಕ್ಕವೂ ಪೂರ್ತಿ ಸುಳ್ಳಲ್ಲ. ಅದರಲ್ಲಿ ಟೂಲ್ ಬದಲಿಸುವ ಟೈಮ್ ಉಳಿಯುತ್ತಿತ್ತು. ಹೊಸ ಪದ್ಧತಿಯಲ್ಲಿ ಪ್ರತಿ ಪೀಸ್‌ಗೂ ಎಲ್ಲ ಟೂಲ್ ಒಂದು ಸುತ್ತು ಬರಬೇಕು. ಅದಕ್ಕೆ ಮೂರು ನಿಮಿಷ ಹಿಡಿಯಿರಿ. 22 ನಿಮಿಷದ ಕೆಲಸ 16ಕ್ಕೆ ಇಳಿಯಿತು. 40 ಪೀಸ್‌ಗೆ 240 ನಿಮಿಷ, ಅಂದರೆ ನಾಲ್ಕು ತಾಸು ಉಳಿತಾಯ. ಓಲಾಟವೂ ಹೋಯಿತು.

ಉಸ್ತಾದ್ ಅದೇ ಆರ್ಡರನ್ನು ಹೇಗೆ ಮತ್ತೆ ಮಾಡಿಸಿದರು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ತುಂಡು ಕೊಯ್ಯಲು ಬಿಡಲೇ ಇಲ್ಲ. ಒಂದೊಂದು ಮೀಟರ್‌ನ ಮೂರು ಬಾರ್ ತರಿಸಿ, ಸ್ಪಿಂಡಲ್‌ನ 52 ಮಿಲಿಮೀಟರ್ ತೂತಿನೊಳಗಿಂದ ಹಾಯಿಸಿದರು. ಒಂದು ಬಾರ್‌ಗೆ 14 ಬುಷ್. ಬುಷ್‌ನ ಪೂರ್ತಿ ಉದ್ದ ಚಕ್‌ನಿಂದ ಹೊರಗೆ, ಹಿಡಿತ ಅದರ ಹಿಂದಿನ ಭಾಗಕ್ಕೆ. ಇದರಿಂದ ಇನ್ನೊಂದು ಲಾಭ: ತೆಳು ಬುಷ್ ಅನ್ನು ಮೂರು ಹಲ್ಲಿನಲ್ಲಿ ಬಿಗಿದು ಬೋರ್ ಮಾಡಿದರೆ, ಬಿಚ್ಚಿದ ಮೇಲೆ ರಂಧ್ರ ಮೂರು ಮೂಲೆಯಾಗಿ ಕೂರುತ್ತದೆ. ಇಲ್ಲಿ ಬುಷ್ ಅನ್ನು ಯಾರೂ ಹಿಸುಕುತ್ತಿಲ್ಲ. ಮಾಲೂ ಉಳಿಯಿತು. ಪ್ರತಿ ಪೀಸ್ ಬೇರೆ ಕೊಯ್ದು ಹಿಡಿತಕ್ಕೆ 30 ಮಿಲಿಮೀಟರ್ ಬಿಟ್ಟಿದ್ದರೆ 40 ಪೀಸ್‌ಗೆ 1.2 ಮೀಟರ್ ಬಾರ್ ದಂಡ. 45ರ ಬಾರ್ ಮೀಟರ್‌ಗೆ ಹನ್ನೆರಡೂವರೆ ಕೆಜಿ. ಸುಮ್ನೆ 15 ಕೆಜಿ ಉಕ್ಕು ಗುಜರಿಗೆ ಹೋಗುತ್ತಿತ್ತು. ಆದರೆ ಹುಷಾರು. ಉದ್ದ ಬಾರ್‌ನ ಹಿಂದಿನ ತುದಿ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್‌ನಿಂದ ಆಚೆ ಆಸರೆ ಇಲ್ಲದೆ ಚಾಚಿದ್ದರೆ, ಸ್ಪೀಡ್ ಏರಿದ ಕೂಡಲೇ ಬಾಗಿ ಚಾಟಿಯಂತೆ ಬೀಸುತ್ತದೆ. ಕಾಲು ಮುರಿಯಲು ಅಷ್ಟು ಸಾಕು.

ನಾಲ್ಕು ಮುಖದ ಟೂಲ್ ಪೋಸ್ಟ್‌ನಲ್ಲಿ ಟರ್ನಿಂಗ್ ಟೂಲ್, ಬೋರಿಂಗ್ ಬಾರ್, ಅಂಚು ಮುರಿಯುವ ಚಾಂಫರ್ ಟೂಲ್, ಪಾರ್ಟಿಂಗ್ ಟೂಲ್ ನಾಲ್ಕನ್ನೂ ಮೊದಲೇ ಎತ್ತರ ನೋಡಿ ಕಟ್ಟಿದರು. ಲಿವರ್ ಎಳೆದು ತಿರುಗಿಸಿದರೆ ಮುಂದಿನ ಟೂಲ್ ತಯಾರು. ಚಕ್‌ನ ಎದುರು ತುದಿಯಲ್ಲಿರುವ ಟೇಲ್‌ಸ್ಟಾಕ್‌ಗೆ ಸೆಂಟರ್ ಡ್ರಿಲ್, 12ರ ಡ್ರಿಲ್, 23ರ ಡ್ರಿಲ್, ಕೊನೆಗೆ ರಂಧ್ರಕ್ಕೆ ಸರಿಯಾದ ಅಳತೆ ಕೊಡುವ 25ರ ರೀಮರ್. ಅಂದ ಹಾಗೆ, ಸೆಂಟರ್ ಡ್ರಿಲ್ ತಾನೇ ಒಂದು ಕೂಡಿಸಿದ ಟೂಲ್. ತುದಿ ಸಣ್ಣ ತೂತು ಹಾಕುತ್ತದೆ, ಹಿಂದಿನ ಭಾಗ 60 ಡಿಗ್ರಿಯ ಬಾಯಿ ಕೊರೆಯುತ್ತದೆ, ಒಂದೇ ನೂಕಿಗೆ.

ಕ್ರಮ ಮುಖ್ಯ. ಮೊದಲು ದೊಡ್ಡ ಕೊರೆತ, ಕೊನೆಗೆ ಸಣ್ಣದು. ಫೇಸಿಂಗ್, ಡ್ರಿಲ್ಲಿಂಗ್, ಹೊರಮೈ 42.5ರವರೆಗೆ ರಫ್. ಆಮೇಲೆ ಬೋರಿಂಗ್ ಬಾರ್‌ನಿಂದ 24.8. ಇದನ್ನು ಬಿಟ್ಟು ಡ್ರಿಲ್ ಆದ ಕೂಡಲೇ ರೀಮರ್ ನೂಕುವ ಆಸೆ ನನಗೂ ಆಗಿತ್ತು. ಆದರೆ ಡ್ರಿಲ್ ದಾರಿ ತಪ್ಪುತ್ತದೆ, ರೀಮರ್ ಆ ತಪ್ಪು ದಾರಿಯಲ್ಲೇ ಹಿಂದೆ ಹೋಗುತ್ತದೆ. ರಂಧ್ರವನ್ನು ನಡುಗೆರೆಗೆ ಎಳೆದು ತರುವುದು ಬೋರಿಂಗ್ ಒಂದೇ. ಆಮೇಲೆ ಮೈ 42ಕ್ಕೆ ಫಿನಿಶ್, ರೀಮರ್, ಚಾಂಫರ್, ಪಾರ್ಟಿಂಗ್.

ರಫ್‌ಗೂ ಫಿನಿಶ್‌ಗೂ ನಡುವೆ ಉಸ್ತಾದ್ ಮಜ್ಜಿಗೆ ಬಣ್ಣದ ಕೂಲಂಟ್ ಅನ್ನು ಜಾಬ್ ಮೇಲೆ ಧಾರಾಳವಾಗಿ ಬಿಡಿಸುತ್ತಿದ್ದರು. ಇದು ಸೋಮಾರಿತನ ಅಂತ ಆಗ ಅಂದುಕೊಂಡಿದ್ದೆ. ಈಗ ಲೆಕ್ಕ ಗೊತ್ತು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರ್‌ಗೆ ಸುಮಾರು 12 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. ಡ್ರಿಲ್ ಆದ ಮೇಲೆ ಜಾಬ್ 30 ಡಿಗ್ರಿ ಏರಿದ್ದರೆ 25ರ ರಂಧ್ರ 9 ಮೈಕ್ರಾನ್ ದೊಡ್ಡದಾಗಿರುತ್ತದೆ. ಬಿಸಿಯಲ್ಲೇ ಅಳತೆ ಹಿಡಿದು ಸರಿ ಅಂದರೆ, ಆರಿದ ಮೇಲೆ ರಂಧ್ರ ಅಷ್ಟು ಕುಗ್ಗುತ್ತದೆ. ಎಚ್7ರ ರಿಯಾಯಿತಿ 21 ಮೈಕ್ರಾನ್ ಅಂತ ಹೇಳಿದೆನಲ್ಲ, ಹೆಚ್ಚುಕಡಿಮೆ ಅರ್ಧ ಅಲ್ಲೇ ಖರ್ಚು. ಕೆಲಸ ಕೂಡಿಸಿದಾಗ ಈ ತೊಂದರೆ ಜಾಸ್ತಿ, ಯಾಕೆಂದರೆ ಜಾಬ್‌ಗೆ ಆರಲು ಬಿಡುವೇ ಸಿಗುವುದಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ತಗಡಿನ ಶೆಡ್ ಕೆಳಗಂತೂ ಮೈಕ್ರೋಮೀಟರ್ ಹಿಡಿದ ಕೈಯೇ ಬಿಸಿ.

ಇಲ್ಲಿಯವರೆಗೆ ಹೇಳಿದ್ದು ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ಹಿಡಿತದಲ್ಲಿ ಮಾಡುವುದು. ಇನ್ನೊಂದು ಮೆಟ್ಟಿಲು ಇದೆ: ಎರಡು ಕೆಲಸ ಒಂದೇ ಹೊತ್ತಿಗೆ.

ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೋಡಿ. ಒಂದು ರೊಟ್ಟಿ ಹಂಚಿನ ಮೇಲೆ, ಇನ್ನೊಂದು ಒಲೆಯ ಬಾಯಿಗೆ ಒರಗಿ ಉಬ್ಬುತ್ತಿದೆ, ಮೂರನೆಯದು ಕೈಯಲ್ಲಿ ಬಡಿಸಿಕೊಳ್ಳುತ್ತಿದೆ. ಮೂರರ ಟೈಮ್ ಕೂಡುವುದಿಲ್ಲ. ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ಟೈಮ್ ಮಾತ್ರ ಲೆಕ್ಕಕ್ಕೆ. ಆದರೆ ಬೆಂಕಿ ಒಂದೇ. ರೊಟ್ಟಿಗೆ ಅಂತ ಉರಿ ಜೋರು ಮಾಡಿದರೆ ಪಕ್ಕದ ಸಾರು ಉಕ್ಕುತ್ತದೆ.

ಲೇತ್‌ನ ಬೆಂಕಿ ಅಂದರೆ ಸ್ಪಿಂಡಲ್ ಸ್ಪೀಡ್. ಹೊರಗೆ ಟರ್ನಿಂಗ್, ಒಳಗೆ ಡ್ರಿಲ್ಲಿಂಗ್ ಒಟ್ಟಿಗೇ ಮಾಡಿದರೂ ಜಾಬ್ ತಿರುಗುವುದು ಒಂದೇ ಸ್ಪೀಡ್‌ನಲ್ಲಿ. 45ರ ಮೈಗೆ 212 ಸುತ್ತು ಸರಿ. 12ರ ಡ್ರಿಲ್‌ಗೆ ನಿಮಿಷಕ್ಕೆ 25 ಮೀಟರ್ ಬೇಕೆಂದರೆ 660 ಸುತ್ತು ಬೇಕು. ಈ ಜೋಡಿ ಕೂಡಿ ಬರುವುದಿಲ್ಲ. 23ರ ಡ್ರಿಲ್‌ಗೆ 346 ಸುತ್ತು ಸಾಕು. 212ರಲ್ಲಿ ಓಡಿಸಿದರೆ ಅದು ಸ್ವಲ್ಪ ನಿಧಾನ, ಆದರೆ ಕೆಲಸಕ್ಕೆ ಅಡ್ಡಿ ಇಲ್ಲ. ಎರಡಕ್ಕೂ ಫೀಡ್ 0.2 ಇಟ್ಟರೆ 64 ಮಿಲಿಮೀಟರ್ ಉದ್ದವನ್ನು ಒಂದೂವರೆ ನಿಮಿಷದಲ್ಲಿ ಎರಡೂ ಒಟ್ಟಿಗೇ ಮುಗಿಸುತ್ತವೆ. ಬೇರೆ ಬೇರೆ ಮಾಡಿದ್ದರೆ ಎರಡೂವರೆ ನಿಮಿಷ ಆಗುತ್ತಿತ್ತು. ಯಾವ ಕೆಲಸವನ್ನು ಯಾವುದರ ಜೊತೆ ಕೂಡಿಸಬೇಕು ಅನ್ನುವುದೇ ಇಲ್ಲಿಯ ಕಸುಬು. ಗಂಡು ಹೆಣ್ಣಿನ ಜಾತಕ ನೋಡುವುದಕ್ಕಿಂತ ಇದು ಸುಲಭ, ಲೆಕ್ಕ ಸುಳ್ಳು ಹೇಳುವುದಿಲ್ಲ.

ಸಾದಾ ಸೆಂಟರ್ ಲೇತ್‌ನಲ್ಲಿ ಇದನ್ನು ಮಾಡುವುದು ಕಷ್ಟ, ಕೈ ಎರಡೇ. ಇದಕ್ಕೆಂದೇ ಹುಟ್ಟಿದ್ದು ಟರೆಟ್ ಲೇತ್. 1845ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಟೀಫನ್ ಫಿಚ್ ಎಂಬಾತ ಟೇಲ್‌ಸ್ಟಾಕ್ ಜಾಗದಲ್ಲಿ ಹಲವು ಟೂಲ್ ಹಿಡಿಯುವ, ತಿರುಗುವ ತಲೆ ಕೂಡಿಸಿದ. 1873ರಲ್ಲಿ ಕ್ರಿಸ್ಟೋಫರ್ ಸ್ಪೆನ್ಸರ್ ಆ ತಲೆಯನ್ನು ಕ್ಯಾಮ್‌ಗಳಿಂದ ತಾನೇ ತಿರುಗುವಂತೆ ಮಾಡಿ ಪೇಟೆಂಟ್ ಪಡೆದ. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದ ಮೇಲೆ ದೇಶದಲ್ಲೇ ತಯಾರಾದ ಒಳ್ಳೆ ಲೇತ್‌ಗಳು ಊರೂರಿಗೆ ಬಂದವು. ಟರೆಟ್‌ಗೂ ಅದರ ತಮ್ಮ ಕ್ಯಾಪ್‌ಸ್ಟನ್‌ಗೂ ಸಾಮಾನ್ಯವಾಗಿ ಆರು ಮುಖ. ಒಂದು ಮುಖಕ್ಕೆ 'ನೀ ಟೂಲ್ ಹೋಲ್ಡರ್' ಅನ್ನುವ ಮೊಣಕಾಲಿನಂತೆ ಬಾಗಿದ ಹಿಡಿಕೆ ಕೂಡಿಸಿದರೆ, ನಡುವೆ ಡ್ರಿಲ್, ಮೇಲೆ ಟರ್ನಿಂಗ್ ಟೂಲ್ ಎರಡೂ ಒಂದೇ ನೂಕಿಗೆ ಕೊರೆಯುತ್ತವೆ.

ಒಟ್ಟಿಗೇ ಕೊರೆಯುವುದಕ್ಕೆ ಬೆಲೆಯೂ ಇದೆ. ಎರಡು ಟೂಲ್‌ನ ಹೊರೆ ಒಂದೇ ಮೋಟಾರ್ ಮೇಲೆ, ಒಂದೇ ಹಿಡಿತದ ಮೇಲೆ. ಹಳೇ ಲೇತ್ ನಡುಗಲು ಶುರುವಾದರೆ ಮೈ ಮೇಲೆ ಗೆರೆ ಗೆರೆ ಮೂಡುತ್ತದೆ. ಎರಡು ಕಡೆಯ ಚಿಪ್ಸ್ ಸುತ್ತಿಕೊಂಡು ಹಕ್ಕಿ ಗೂಡಾಗುತ್ತದೆ. ಒಂದು ಟೂಲ್ ಮೊಂಡಾದರೆ ಎರಡೂ ನಿಲ್ಲುತ್ತವೆ. ಕರೆಂಟ್ ನಡುವೆ ಹೋದರಂತೂ ದೇವರೇ ಗತಿ: ಜಾಬ್ ನಿಂತು, ಟೂಲ್ ಒಳಗೇ ಕಚ್ಚಿಕೊಂಡು, ಕಾರ್ಬೈಡ್ ಟಿಪ್‌ಗಳ ಮೂತಿ ಒಟ್ಟಿಗೇ ಮುರಿಯುತ್ತವೆ.

ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಸಿಎನ್‌ಸಿ ಲೇತ್ ಇದೇ ಟರೆಟ್‌ನ ಮೊಮ್ಮಗ. 8 ಅಥವಾ 12 ಟೂಲ್‌ನ ತಲೆ, ಒಂದೆರಡು ಸೆಕೆಂಡ್‌ನಲ್ಲಿ ಟೂಲ್ ಬದಲು. ವ್ಯಾಸ ಕಿರಿದಾದಂತೆ ಸ್ಪೀಡ್ ತಾನೇ ಏರುತ್ತದೆ, ಫೇಸಿಂಗ್ ಮಾಡುವಾಗ ಟೂಲ್ ನಡುವಿಗೆ ಬಂದಂತೆ ಸ್ಪಿಂಡಲ್‌ನ ಸದ್ದು ಸೀಟಿಯಂತೆ ಮೇಲೇರುವುದು ಇದರಿಂದಲೇ. ಲೈವ್ ಟೂಲ್, ಅಂದರೆ ತಾನೇ ತಿರುಗುವ ಟೂಲ್, ಇದ್ದರೆ ಜಾಬ್ ನಿಲ್ಲಿಸಿ ಬುಷ್‌ಗೆ ಆಯಿಲ್ ಹಾಕುವ ಅಡ್ಡ ತೂತನ್ನೂ ಅಲ್ಲೇ ಹೊಡೆಯಬಹುದು, ಡ್ರಿಲ್ಲಿಂಗ್ ಮಷಿನ್‌ಗೆ ಹೊತ್ತುಕೊಂಡು ಹೋಗುವುದೂ ತಪ್ಪಿತು.

ಹಾಗಾದರೆ ಎಲ್ಲರೂ ಸಿಎನ್‌ಸಿ ಹಾಕಿಕೊಳ್ಳಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರೋಗ್ರಾಂ ಹಾಕಿ, ಟೂಲ್ ಆಫ್‌ಸೆಟ್ ತೆಗೆದು, ಮೊದಲ ಪೀಸ್ ಅಳೆದು ಸರಿ ಮಾಡಲು ಒಂದು ತಾಸು, ಆಮೇಲೆ ಪೀಸ್‌ಗೆ ಮೂರು ನಿಮಿಷ ಅಂತ ಇಟ್ಟುಕೊಳ್ಳಿ. ಸಾದಾ ಲೇತ್‌ನಲ್ಲಿ ಸೆಟ್ಟಿಂಗ್‌ಗೆ 15 ನಿಮಿಷ, ಪೀಸ್‌ಗೆ 16. ಬರೀ ಟೈಮ್ ನೋಡಿದರೆ ನಾಲ್ಕನೇ ಪೀಸ್‌ಗೇ ಸಿಎನ್‌ಸಿ ಗೆಲ್ಲುತ್ತದೆ. ಆದರೆ ಅದರ ತಾಸಿನ ರೇಟು ಸಾದಾ ಲೇತ್‌ನ ಮೂರು ಪಟ್ಟು ಅಂದುಕೊಂಡರೆ, ದುಡ್ಡಿನಲ್ಲಿ ಗೆಲ್ಲಲು 24 ಪೀಸ್ ಬೇಕು. ದಾಲ್ ಮಿಲ್‌ಗೆ ಒಂದು ಶಾಫ್ಟ್, ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗೆ ಎರಡು ಪಿನ್, ಯಾರದೋ ಟ್ರ್ಯಾಕ್ಟರ್‌ಗೆ ಒಂದು ಬುಷ್, ನಮ್ಮ ಶೆಡ್‌ಗೆ ಬರುತ್ತಿದ್ದ ಕೆಲಸ ಬಹುಪಾಲು ಇಂಥ ರಿಪೇರಿಯದೇ. ಅಲ್ಲಿ ನಾಲ್ಕು ಮುಖದ ಟೂಲ್ ಪೋಸ್ಟ್ ಮತ್ತು ಸರಿಯಾದ ಕ್ರಮ ಸಾಕು. ಒಂದೇ ಅಳತೆಯ ನೂರಿನ್ನೂರು ಪೀಸ್ ಪ್ರತಿ ತಿಂಗಳು ಬರುತ್ತವೆ ಅಂದರೆ ಆಗ ಮಾತು ಬೇರೆ.

ಈಗ ಉಳಿದದ್ದು ಹಿಂದಿನ ಮುಖ. ಒಂದೇ ಹಿಡಿತದಲ್ಲಿ ಎಲ್ಲ ಮುಗಿಯಿತು ಅಂತ ಎಷ್ಟೇ ಬೀಗಿದರೂ, ಪಾರ್ಟಿಂಗ್ ಟೂಲ್ ಕತ್ತರಿಸಿದ ಕಡೆ ಮುಖ ಒರಟಾಗಿಯೇ ಇರುತ್ತದೆ, ಅಂಚಿಗೆ ಚೂಪು ಬರ್ ನಿಂತಿರುತ್ತದೆ. ದೊಡ್ಡ ಸಿಎನ್‌ಸಿಗಳಲ್ಲಿ ಇದಕ್ಕೆ ಸಬ್ ಸ್ಪಿಂಡಲ್ ಇದೆ. ಎದುರಿನಿಂದ ಎರಡನೇ ಚಕ್ ಬಂದು, ಮೊದಲನೆಯದರ ಸ್ಪೀಡ್‌ನಲ್ಲೇ ತಿರುಗುತ್ತಾ ಜಾಬ್ ಹಿಡಿದುಕೊಳ್ಳುತ್ತದೆ. ಆಮೇಲೆ ಪಾರ್ಟಿಂಗ್, ಆಮೇಲೆ ಅಲ್ಲೇ ಹಿಂದಿನ ಮುಖ.

ಉಸ್ತಾದ್ ಬಳಿ ಅದೆಲ್ಲಿ ಬರಬೇಕು? ಅವರು ಚಕ್‌ನ ಗಟ್ಟಿ ಹಲ್ಲು ತೆಗೆದು, ಮೆತ್ತನೆ ಉಕ್ಕಿನ ಸಾಫ್ಟ್ ಜಾ ಹಾಕಿದರು. ಅವನ್ನು ಚಕ್‌ನಲ್ಲೇ ಬಿಗಿದು, ಜಾಬ್‌ನ 42ರ ಅಳತೆಗೆ ಸರಿಯಾಗಿ ಬೋರ್ ಮಾಡಿ, ಒಳಗೊಂದು ಮೆಟ್ಟಿಲು ಬಿಟ್ಟರು. ಹೀಗೆ ಅಲ್ಲೇ ಕೊರೆದ ಹಲ್ಲಿನ ಓಲಾಟ 0.01–0.02 ಮಿಲಿಮೀಟರ್‌ಗೆ ಇಳಿಯುತ್ತದೆ. ಬುಷ್ ಅನ್ನು ಮೆಟ್ಟಿಲಿಗೆ ಒತ್ತಿ ಹಿಡಿದರೆ ಉದ್ದ ಪ್ರತಿ ಸಲ ಅದೇ ಬರುತ್ತದೆ, ಅಳೆಯುವ ಗೊಡವೆಯೇ ಇಲ್ಲ. ಇಲ್ಲಿ ಬಾಕಿ ಇರುವುದು ಫೇಸಿಂಗ್ ಮತ್ತು ಒಂದು ಚಾಂಫರ್ ಮಾತ್ರ. ರಂಧ್ರವೂ ಮೈಯೂ ಆಗಲೇ ಜೊತೆಯಾಗಿ ಹುಟ್ಟಿಬಿಟ್ಟಿವೆ. "ಹಗುರಕ ಹಿಡಿ, ಬಾಳ ಬಿಗೀಬ್ಯಾಡ" ಅಂತ ಚಕ್ ಕೀ ನನ್ನ ಕೈಗೆ ಕೊಟ್ಟರು. ಪೀಸ್‌ಗೆ ಒಂದು ನಿಮಿಷದಂತೆ ನಲವತ್ತೂ ಮುಗಿದಾಗ ಮಿಲ್‌ನ ಫಿಟ್ಟರ್ ಹೊರಗೆ ಬೈಕ್ ಮೇಲೆ ಕೂತೇ ಇದ್ದ.